ನನ್ನ ತಮ್ಮ ಇರುವ ವಸತಿ ಕೇಂದ್ರದಲ್ಲಿ ಕ್ಯಾಮೆರಾ ಹಾಕಿ ಅಂತ ಕೇಳಲೇ? ಗೊತ್ತಿರುವವರು ದಯವಿಟ್ಟು ಹೇಳಿ

ತಮ್ಮನ ಅಕ್ಕ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ತಾಳ್ಮೆಯಿಂದ ಓದಿ.

ನನ್ನ ತಮ್ಮನಿಗೆ 34 ವರ್ಷ. ಡೌನ್ ಸಿಂಡ್ರೋಮ್ ಇದೆ. ಅಮ್ಮ ತೀರಿಕೊಂಡ ಮೇಲೆ ಒಂದು ವರ್ಷ ನಮ್ಮ ಮನೆಯಲ್ಲೇ ಇದ್ದ. ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಅವನೊಬ್ಬನನ್ನೇ ಬಿಟ್ಟಿರಲು ಆಗಲಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಹೊರವಲಯದ ಒಂದು ವಸತಿ ಕೇಂದ್ರಕ್ಕೆ ಸೇರಿಸಿದೆವು. ಹೆಸರು ಇಲ್ಲಿ ಬೇಡ. ಮೊದಮೊದಲು ಚೆನ್ನಾಗಿಯೇ ಇದ್ದ.

ಹೋದ ವಾರ ಮನೆಗೆ ಕರೆದುಕೊಂಡು ಬಂದೆ. ಎಣ್ಣೆ ಹಚ್ಚಿ ಸ್ನಾನ ಮಾಡಿಸೋಣ ಅಂತ ಅಂಗಿ ಬಿಚ್ಚಿದೆ. ಎಡ ತೋಳಿನ ಒಳಬದಿಯಲ್ಲಿ ಸಾಲಾಗಿ ನಾಲ್ಕು ಗುರುತು. ನೀಲಿ ಹೋಗಿ ಹಳದಿಗೆ ತಿರುಗಿದ್ದವು. ಹೊರಬದಿಯಲ್ಲಿ ಇನ್ನೊಂದು. ನನ್ನ ಬೆರಳುಗಳನ್ನು ಅವುಗಳ ಮೇಲಿಟ್ಟು ನೋಡಿದೆ. ನನ್ನ ಕೈಗಿಂತ ದೊಡ್ಡ ಕೈ.

ತಲೆಗೆ ಎಣ್ಣೆ ಹಾಕಲು ಕೈ ಎತ್ತಿದೆ. ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು "ಸಾರ್ ಬೇಡ, ಸಾರ್ ಬೇಡ" ಅಂದ. ಅವನಿಗೆ ಬರುವುದು ಇಪ್ಪತ್ತು ಮಾತು ಇರಬಹುದು. ಅಕ್ಕ, ಅನ್ನ, ಬಸ್ಸು, ಚಳಿ, ಇಂಥವು. ಒಂದೊಂದನ್ನೂ ಅಮ್ಮ ತಿಂಗಳುಗಟ್ಟಲೆ ಕೂತು ಕಲಿಸಿದ್ದು. ಸಾರ್ ಅನ್ನುವುದು ನಮ್ಮ ಮನೆಯಲ್ಲಿ ಕಲಿತ ಮಾತಲ್ಲ.

ಕೇಂದ್ರಕ್ಕೆ ಫೋನ್ ಮಾಡಿದೆ. ಮಂಚದಿಂದ ಬಿದ್ದ ಅಂದರು. ಯಾವತ್ತು ಅಂತ ಕೇಳಿದರೆ ನೋಡಿ ಹೇಳುತ್ತೇವೆ ಅಂದರು. ಇವತ್ತಿಗೂ ಹೇಳಿಲ್ಲ.

ಅಲ್ಲಿ ಗೇಟಿನಲ್ಲಿ ಒಂದು ಕ್ಯಾಮೆರಾ, ಆಫೀಸಿನಲ್ಲಿ ಒಂದು ಕ್ಯಾಮೆರಾ ಇದೆ. ಮಲಗುವ ಹಾಲ್, ವರಾಂಡ, ಊಟದ ಜಾಗ, ಎಲ್ಲೂ ಇಲ್ಲ. ಹಾಕಿಸಿ ಅಂತ ಕೇಳುವುದು ಸರಿಯಾ? ಕೇಳಿದರೆ ಅವನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರಾ? ಈಗ ಅವನು ನನ್ನ ಜೊತೆಯಲ್ಲೇ ಇದ್ದಾನೆ. ನನ್ನ ರಜೆ ಇನ್ನು ಹತ್ತು ದಿನ ಇದೆ.

ಶಿವಮೊಗ್ಗದ ಅಪ್ಪ · ಭಾನುವಾರ ರಾತ್ರಿ

ಅಮ್ಮಾ, ಓದಿ ನಿದ್ದೆ ಬರಲಿಲ್ಲ. ನನ್ನ ಮಗನಿಗೆ ಆಟಿಸಂ, 22 ವರ್ಷ. ಅವನಿಗೆ ಮಾತೇ ಇಲ್ಲ.

ಕೇಳಿ. ಖಂಡಿತ ಕೇಳಿ. ಮೂಲೆ ಮೂಲೆಯಲ್ಲೂ ಹಾಕಿಸಿ, ನಮ್ಮ ಮೊಬೈಲ್‌ಗೇ ಲೈವ್ ಕೊಡಿ ಅನ್ನಿ. ಅಂಗಡಿಯಲ್ಲಿ ಸೋಪು ಕಳ್ಳತನ ಆಗಬಾರದು ಅಂತ ನಾಲ್ಕು ಕ್ಯಾಮೆರಾ ಹಾಕುತ್ತಾರೆ. ಮಾತು ಬಾರದ ಮಗುವಿಗೆ ಒಂದೂ ಬೇಡವಾ? ಅಮೆರಿಕದ ಟೆಕ್ಸಾಸ್‌ನಲ್ಲಿ 2009ರಲ್ಲಿ ಇದಕ್ಕೆ ಕಾನೂನೇ ಆಯಿತು. ಕಾರ್ಪಸ್ ಕ್ರಿಸ್ಟಿ ಅನ್ನುವ ಊರಿನ ಸರ್ಕಾರಿ ವಸತಿ ಕೇಂದ್ರದಲ್ಲಿ ರಾತ್ರಿ ಪಾಳಿಯ ನೌಕರರು ಬುದ್ಧಿಮಾಂದ್ಯತೆ ಇರುವ ನಿವಾಸಿಗಳು ಒಬ್ಬರೊಡನೊಬ್ಬರು ಹೊಡೆದಾಡುವಂತೆ ಮಾಡಿ ಫೋನ್‌ನಲ್ಲಿ ಚಿತ್ರ ತೆಗೆಯುತ್ತಿದ್ದರು. ಯಾರೋ ಕಳೆದುಕೊಂಡ ಫೋನ್ ಪೊಲೀಸರ ಕೈಗೆ ಸಿಕ್ಕಿ ವಿಷಯ ಹೊರಬಿತ್ತು. ಅದಾದ ಮೇಲೆ ಅಂಥ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲರೂ ಓಡಾಡುವ ಜಾಗಗಳಿಗೆ ಕ್ಯಾಮೆರಾ ಕಡ್ಡಾಯ ಆಯಿತು.

ಗಾಲಿಕುರ್ಚಿ · ಸೋಮವಾರ ಬೆಳಿಗ್ಗೆ

ಅಪ್ಪಾಜಿ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಮೂಲೆ ಮೂಲೆಯಲ್ಲೂ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ನನಗೆ ಸೆರೆಬ್ರಲ್ ಪಾಲ್ಸಿ. ಚಿಕ್ಕವನಿದ್ದಾಗಿನಿಂದ ಹನ್ನೊಂದು ವರ್ಷ ಇಂಥದ್ದೇ ಒಂದು ಕಡೆ ಬೆಳೆದೆ. ನನ್ನ ಚಡ್ಡಿ ಬೇರೆಯವರು ಬದಲಿಸುತ್ತಿದ್ದರು. ಸ್ನಾನ ಬೇರೆಯವರು ಮಾಡಿಸುತ್ತಿದ್ದರು. ಬಾಗಿಲು ಹಾಕಿ ಅಂತ ಹೇಳುವ ಒಂದೇ ಒಂದು ಹಕ್ಕು ನನಗಿತ್ತು. ಅದನ್ನು ಪಡೆಯಲು ನಾಲ್ಕು ವರ್ಷ ಜಗಳ ಆಡಿದ್ದೇನೆ. ಈಗ ಆ ಕೋಣೆಯಲ್ಲಿ ಕ್ಯಾಮೆರಾ ಇದ್ದು, ಅದರ ಲೈವ್ ಹದಿನೈದು ಮನೆಯವರ ಮೊಬೈಲ್‌ಗೆ ಹೋಗುತ್ತದೆ ಅಂತ ಯೋಚಿಸಿ. ನಿಮ್ಮ ಮಗನ ಜೊತೆ ನಾನೂ ಕಾಣುತ್ತೇನೆ. ನೀವು ಒಳ್ಳೆಯವರು. ಹದಿನೈದು ಜನರೂ ಒಳ್ಳೆಯವರೇ ಇರುತ್ತಾರಾ?

ಅಕ್ಕ, ಒಂದು ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ತಮ್ಮನನ್ನು ಕೇಳಿದಿರಾ? ಕ್ಯಾಮೆರಾ ಬೇಕಾ ಬೇಡವಾ ಅಂತ ಅಲ್ಲ. ಏನಾಯಿತು, ಯಾರು, ಎಲ್ಲಿ ಅಂತ. ಇಪ್ಪತ್ತು ಮಾತು ಬರುವವರು ಫೋಟೋ ತೋರಿಸಿದರೆ ಇನ್ನೂ ಇಪ್ಪತ್ತು ವಿಷಯ ಹೇಳಬಲ್ಲರು. ನಮ್ಮನ್ನು ಯಾರೂ ಕೇಳುವುದಿಲ್ಲ, ಅದೇ ತೊಂದರೆ.

ನಮ್ಮ ಕಡೆ ದೂರು ಪೆಟ್ಟಿಗೆ ಅಂತ ಒಂದು ಇತ್ತು. ವಾರ್ಡನ್ ಕೋಣೆಯ ಗೋಡೆಯಲ್ಲಿ, ನಿಂತವರ ಎದೆಮಟ್ಟಕ್ಕೆ. ಕುರ್ಚಿಯಲ್ಲಿ ಕೂತವರ ಕೈಗೆ ಎಟುಕುತ್ತಿರಲಿಲ್ಲ. ಚೀಟಿ ಹಾಕಬೇಕೆಂದರೆ ವಾರ್ಡನ್‌ಗೇ ಹೇಳಿ ಹಾಕಿಸಬೇಕಿತ್ತು.

ಬೆಲ್‌ಫಾಸ್ಟ್‌ನಿಂದ ಕುಡ್ಲದವಳು · ಸೋಮವಾರ ಮಧ್ಯಾಹ್ನ

ನಾನು ಮಂಗಳೂರಿನವಳು, ಉತ್ತರ ಐರ್ಲೆಂಡ್‌ನಲ್ಲಿ ನರ್ಸ್. ಇಲ್ಲಿ ಆದ ಒಂದು ಸಂಗತಿ ಹೇಳಲೇಬೇಕು. ನೀವು ಕೇಳುತ್ತಿರುವ ಪ್ರಶ್ನೆಗೇ ಅದು ನೇರವಾಗಿ ಬರುತ್ತದೆ.

ಆಂಟ್ರಿಮ್ ಊರಿನ ಹತ್ತಿರ ಮಕಮೋರ್ ಅಬ್ಬಿ ಅಂತ ಒಂದು ಆಸ್ಪತ್ರೆ. ಬುದ್ಧಿಮಾಂದ್ಯತೆ ಇರುವ ದೊಡ್ಡವರು ಅಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. 2017ರಲ್ಲಿ ಒಬ್ಬ ತಂದೆಗೆ ನಿಮ್ಮ ಮಗನ ಮೇಲೆ ನೌಕರನೊಬ್ಬ ಕೈ ಮಾಡಿದ್ದಾನೆ ಅಂತ ತಿಳಿಸಿದರು. ಆ ಮಗನಿಗೂ ಮಾತು ಬರುವುದಿಲ್ಲ. ಕ್ಯಾಮೆರಾ ಇದೆಯಾ ಅಂತ ತಂದೆ ಕೇಳಿದರು. ಇಲ್ಲ ಅಂದರು. ಅವರು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದರು. ಕೊನೆಗೆ ನೋಡಿದರೆ ವಾರ್ಡ್‌ನಲ್ಲಿ ಕ್ಯಾಮೆರಾ ಇತ್ತು, ಅದು ತಿಂಗಳುಗಳಿಂದ ಓಡುತ್ತಲೇ ಇತ್ತು. ಅದು ಇನ್ನೂ ಚಾಲೂ ಆಗಿಲ್ಲ ಅಂತ ಅಲ್ಲಿಯವರು ಅಂದುಕೊಂಡಿದ್ದರಂತೆ. ಪೊಲೀಸರು ನೋಡಬೇಕಾಗಿ ಬಂದದ್ದು ಸುಮಾರು 3 ಲಕ್ಷ ಗಂಟೆಗಳ ರೆಕಾರ್ಡಿಂಗ್. ಎಷ್ಟೋ ನೌಕರರು ಅಮಾನತಾದರು, ಕೇಸುಗಳಾದವು. 2022ರ ಜೂನ್‌ನಲ್ಲಿ ಸಾರ್ವಜನಿಕ ವಿಚಾರಣೆ ಶುರುವಾಯಿತು. ಮನೆಯವರು ಒಬ್ಬೊಬ್ಬರಾಗಿ ಬಂದು ಹೇಳಿಕೆ ಕೊಟ್ಟರು.

ಇದರಲ್ಲಿ ನನ್ನನ್ನು ಕಾಡುವುದು ಒಂದೇ. ಕ್ಯಾಮೆರಾ ಇತ್ತು. ಅದರ ಕಣ್ಣೆದುರೇ ಹೊಡೆದರು. ದಿನಾ ರೆಕಾರ್ಡ್ ಆಯಿತು. ಯಾರೂ ನೋಡಲಿಲ್ಲ. ಒಬ್ಬ ಅಪ್ಪ ಹಟ ಹಿಡಿದು ಕೇಳದೆ ಇದ್ದಿದ್ದರೆ ಅಷ್ಟೂ ಅಲ್ಲೇ ಉಳಿಯುತ್ತಿತ್ತು.

ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಅಂತ ಇನ್ನೊಂದು ಇತ್ತು. ಅಲ್ಲಿನ ಒಬ್ಬ ಹಿರಿಯ ನರ್ಸ್ ಆಡಳಿತಕ್ಕೂ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಗೂ ದೂರು ಕೊಟ್ಟರು. ಯಾರೂ ಕಿವಿಗೊಡಲಿಲ್ಲ. ಆಮೇಲೆ ಬಿಬಿಸಿ ವರದಿಗಾರನೊಬ್ಬ ಅಲ್ಲೇ ಕೆಲಸಕ್ಕೆ ಸೇರಿ ಗುಪ್ತ ಕ್ಯಾಮೆರಾದಲ್ಲಿ ಚಿತ್ರ ತೆಗೆದ. 2011ರ ಮೇ ಕೊನೆಯಲ್ಲಿ ಪ್ರಸಾರ ಆಯಿತು, ಮುಂದಿನ ತಿಂಗಳೇ ಆ ಜಾಗ ಮುಚ್ಚಿತು. 11 ಜನ ತಪ್ಪೊಪ್ಪಿಕೊಂಡರು, 6 ಜನ ಜೈಲಿಗೆ ಹೋದರು. ಅಲ್ಲಿ ಕ್ಯಾಮೆರಾ ಕೆಲಸ ಮಾಡಿದ್ದು ಯಾಕೆ? ಅದನ್ನು ಹಿಡಿದಿದ್ದವನು ಆ ಸಂಸ್ಥೆಯ ಕೈಕೆಳಗೆ ಇರಲಿಲ್ಲ, ಅದಕ್ಕೆ.

ಹಾಗಾಗಿ ಕ್ಯಾಮೆರಾ ಹಾಕಿ ಅಂತ ಕೇಳುವಾಗಲೇ ಯಾರು ನೋಡುತ್ತಾರೆ ಅಂತಲೂ ಕೇಳಿ. ಇನ್ನೊಂದು, ಅವನ ಮಾತ್ರೆ ಚಾರ್ಟ್ ತೋರಿಸಿ ಅನ್ನಿ. ಮಾತ್ರೆ ಜಾಸ್ತಿ ಕೊಟ್ಟು ಮಲಗಿಸಿದರೆ ಕ್ಯಾಮೆರಾದಲ್ಲಿ ಕಾಣುವುದು ನೆಮ್ಮದಿಯಾಗಿ ನಿದ್ದೆ ಮಾಡುವ ಮನುಷ್ಯ ಮಾತ್ರ.

ಹುಬ್ಬಳ್ಳಿ ವೈರಿಂಗ್ · ಸೋಮವಾರ ಸಂಜೆ

ನಾನು ಹನ್ನೆರಡು ವರ್ಷದಿಂದ ಸಿಸಿ ಕ್ಯಾಮೆರಾ ಹಾಕುವ ಕೆಲಸ ಮಾಡುತ್ತೇನೆ. ಶಾಲೆ, ಹಾಸ್ಟೆಲ್, ವೃದ್ಧಾಶ್ರಮ ಎಲ್ಲ ಕಡೆ ಹಾಕಿದ್ದೇನೆ. ನರ್ಸ್ ಮೇಡಂ ಹೇಳಿದ ಮಾತು ನೂರಕ್ಕೆ ನೂರು ಸರಿ. ಒಳಗಿನ ಕಥೆ ಹೇಳುತ್ತೇನೆ.

ರೆಕಾರ್ಡ್ ಆಗುವ ಡಬ್ಬಿ, ಅಂದರೆ ಡಿವಿಆರ್, ಯಾವಾಗಲೂ ಮ್ಯಾನೇಜರ್ ಟೇಬಲ್ ಕೆಳಗೇ ಇರುತ್ತದೆ. ಪಾಸ್‌ವರ್ಡ್ ನಾವು ಹಾಕಿಕೊಟ್ಟದ್ದೇ ಇರುತ್ತದೆ, ಯಾರೂ ಬದಲಿಸುವುದಿಲ್ಲ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಹೊಸದು ಬರೆದುಕೊಳ್ಳುತ್ತದೆ. ಕ್ಯಾಮೆರಾ ಜಾಸ್ತಿ ಆದಷ್ಟೂ ಉಳಿಯುವ ದಿನ ಕಡಿಮೆ. ದುಡ್ಡು ಉಳಿಸಲು ಚಿಕ್ಕ ಡಿಸ್ಕ್ ಹಾಕಿಸಿದ ಕಡೆ ಹತ್ತು ದಿನದ್ದೂ ಸಿಗುವುದಿಲ್ಲ. ಅಕ್ಕನ ಊರಿಗೆ ತಮ್ಮ ತಿಂಗಳಿಗೊಮ್ಮೆ ಬಂದರೆ, ಗುರುತು ಕಾಣುವ ಹೊತ್ತಿಗೆ ರೆಕಾರ್ಡ್ ಅಳಿಸಿ ಹೋಗಿರುತ್ತದೆ.

ಹಾಗಾಗಿ ಕನಿಷ್ಠ 60 ದಿನ ಉಳಿಯುವಷ್ಟು ಡಿಸ್ಕ್ ಅಂತ ಬರೆದುಕೊಡಲಿ. ಯುಪಿಎಸ್ ಬೇಕೇ ಬೇಕು, ಕರೆಂಟ್ ಹೋಗಿತ್ತು ಅನ್ನುವುದು ಎಲ್ಲರ ಮೊದಲ ನೆಪ. ಗಡಿಯಾರ ಸರಿ ಇರಬೇಕು. ಒಂದು ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆಯ ಘಟನೆ ರೆಕಾರ್ಡ್‌ನಲ್ಲಿ ಮಧ್ಯಾಹ್ನ ಅಂತ ತೋರಿಸುತ್ತಿತ್ತು. ಸಾಕ್ಷಿ ಅಂತ ಹೇಗೆ ಕೊಡುತ್ತೀರಿ? ಸಾಧ್ಯವಾದರೆ ಇನ್ನೊಂದು ಪ್ರತಿ ಕಟ್ಟಡದ ಹೊರಗೆ ಎಲ್ಲಾದರೂ ಸೇವ್ ಆಗಲಿ. ಇದೇನು ದೊಡ್ಡ ಖರ್ಚಲ್ಲ.

ಬಚ್ಚಲು, ಶೌಚಾಲಯ, ಬಟ್ಟೆ ಬದಲಿಸುವ ಜಾಗಕ್ಕೆ ಹಾಕಿ ಅಂದರೆ ನಾನು ಹಾಕುವುದಿಲ್ಲ. ಒಬ್ಬರು ಕೇಳಿದ್ದರು. ಕೆಲಸ ಬಿಟ್ಟು ಬಂದೆ.

ಕೋರ್ಟ್ ಹಾಲ್ 4 · ಸೋಮವಾರ ರಾತ್ರಿ

ಮೈಸೂರಿನಲ್ಲಿ ವಕೀಲ. ವೈರಿಂಗ್ ಅಣ್ಣ ಮಾಡಿದ್ದು ಸರಿ. ಒಬ್ಬರ ಒಪ್ಪಿಗೆ ಇಲ್ಲದೆ ಅವರ ಗುಪ್ತಾಂಗದ ಚಿತ್ರ ತೆಗೆಯುವುದು ಐಟಿ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ. ಆ ಹಕ್ಕು ಅಕ್ಕನ ತಮ್ಮನಿಗೂ ಇದೆ, ಪಕ್ಕದ ಮಂಚದವನಿಗೂ ಇದೆ.

ಆದರೆ ಅಕ್ಕ, ನೀವು ಕ್ಯಾಮೆರಾದ ಪ್ರಶ್ನೆಯನ್ನು ಮೊದಲು ಇಟ್ಟಿದ್ದೀರಿ. ಅದು ಎರಡನೆಯದು. ಮೊದಲು ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುರುತಿನ ಅಳತೆ, ಬಣ್ಣ, ಜಾಗ ಬರೆಸಿಕೊಳ್ಳಿ. ಅದು ದಿನದಿಂದ ದಿನಕ್ಕೆ ಮಾಸುತ್ತದೆ.

ಆಮೇಲೆ ತಹಶೀಲ್ದಾರ್. ಪೊಲೀಸ್ ಅಂತ ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 7ನೇ ಕಲಂ ಓದಿ. ಹಿಂಸೆ ಆಗಿದೆ ಅಥವಾ ಆಗಬಹುದು ಅಂತ ನಂಬಲು ಕಾರಣ ಇದ್ದರೆ ಸಾಕು, ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ ತಿಳಿಸಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಅದು ತಹಶೀಲ್ದಾರರೇ. ಅವರು ಕೂಡಲೇ ತಡೆಯುವ ಕ್ರಮ ತೆಗೆದುಕೊಳ್ಳಬೇಕು. 92ನೇ ಕಲಂನಲ್ಲಿ ಶಿಕ್ಷೆ ಇದೆ, 6 ತಿಂಗಳಿಂದ 5 ವರ್ಷ ಮತ್ತು ದಂಡ. ಹೊಡೆಯುವುದು ಮಾತ್ರ ಅಲ್ಲ, ನೋಡಿಕೊಳ್ಳುವವರು ಬೇಕಂತಲೇ ಊಟ, ನೀರು ಕೊಡದಿರುವುದೂ ಅದರಲ್ಲೇ ಬರುತ್ತದೆ. ಇನ್ನು, ಇಂಥ ಸಂಸ್ಥೆಗೆ ನೋಂದಣಿ ಪತ್ರ ಇರಲೇಬೇಕು, ಅದನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಅಲ್ಲಿಗೆ ಹೋದಾಗ ಗೋಡೆ ನೋಡಿ.

ರೆಕಾರ್ಡಿಂಗ್ ಬಗ್ಗೆ. ಗೇಟಿನ ಕ್ಯಾಮೆರಾದ್ದೇ ಆಗಲಿ, ಅಳಿಸಬೇಡಿ ಅಂತ ಇವತ್ತೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಕೋರ್ಟ್‌ಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಮೊಬೈಲ್‌ನಲ್ಲಿ ಪರದೆಯ ಚಿತ್ರ ತೆಗೆದುಕೊಂಡು ಬಂದರೆ ಆಗುವುದಿಲ್ಲ.

ಒಂದು ಮಾತು ಹೇಳಿ ಮುಗಿಸುತ್ತೇನೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಎಲ್ಲ ಪೊಲೀಸ್ ಠಾಣೆಗಳಲ್ಲಿ ಕ್ಯಾಮೆರಾ ಹಾಕಿ ಅಂತ ಆದೇಶ ಮಾಡಿತು. ರೆಕಾರ್ಡಿಂಗ್ 18 ತಿಂಗಳು, ಅದಾಗದಿದ್ದರೆ ಒಂದು ವರ್ಷಕ್ಕೆ ಕಡಿಮೆ ಇಲ್ಲದಂತೆ ಇಡಬೇಕು ಅಂದಿತು. ಉಸ್ತುವಾರಿಗೆ ರಾಜ್ಯ, ಜಿಲ್ಲೆ ಮಟ್ಟದಲ್ಲಿ ಸಮಿತಿ ಮಾಡಿ ಅಂದಿತು. ಆ ಆದೇಶ ಆರೈಕೆ ಕೇಂದ್ರಗಳಿಗೆ ಅನ್ವಯಿಸುವುದಿಲ್ಲ. ಲಾಕಪ್‌ನಲ್ಲಿ ಇರುವವನು ಹೊರಗೆ ಬಂದ ಮೇಲೆ ಬಾಯಿಬಿಟ್ಟು ಹೇಳಬಲ್ಲ. ಇವರು ಹೊರಗೇ ಬರುವುದಿಲ್ಲ, ಬಂದರೂ ಎಷ್ಟೋ ಜನರಿಗೆ ಹೇಳಲು ಮಾತಿಲ್ಲ. ಹೀಗಿದ್ದೂ ಆ ಕಾಳಜಿ ಇಲ್ಲಿಗೆ ಬಂದಿಲ್ಲವಲ್ಲ ಅಂತ ನನಗೆ ನಿಜವಾಗಿಯೂ ನೋವಿದೆ.

ನೈಟ್ ಡ್ಯೂಟಿ · ಮಂಗಳವಾರ ಬೆಳಗಿನ ಜಾವ

ನಾನು ಇಂಥದ್ದೇ ಒಂದು ಕಡೆ ಆಯಾ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಈಗ ಡ್ಯೂಟಿಯಲ್ಲೇ ಇದ್ದೇನೆ. ಎಲ್ಲರೂ ಮಲಗಿದ್ದಾರೆ.

ರಾತ್ರಿ 22 ಹೆಣ್ಣುಮಕ್ಕಳಿಗೆ ನಾನೊಬ್ಬಳೇ. ಮೂರು ಗಂಟೆಗೆ ಒಬ್ಬಳು ಹಾಸಿಗೆ ಒದ್ದೆ ಮಾಡಿಕೊಂಡು ಅಳುತ್ತಾಳೆ. ಅವಳ ಬಟ್ಟೆ ಬದಲಿಸುವಾಗ ಇನ್ನೊಬ್ಬಳು ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಅವಳನ್ನು ಹಿಡಿಯಲು ಹೋದರೆ ಕೈ ಕಚ್ಚುತ್ತಾಳೆ. ಒಂದು ಸಲ ನಾನೂ ಕೈ ಎತ್ತಿದ್ದೆ. ಹೊಡೆಯಲಿಲ್ಲ. ಆದರೆ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಈ ಅಕ್ಕ ಬರೆದದ್ದು ಓದಿ ಅದೇ ಕಣ್ಣ ಮುಂದೆ ಬಂತು.

ನಮ್ಮಲ್ಲಿ ಹೋದ ವರ್ಷ ಕ್ಯಾಮೆರಾ ಹಾಕಿದರು. ಅದರಲ್ಲಿ ನೋಡುವುದು ನಾನು ಕೂತೆನಾ, ಫೋನ್ ಹಿಡಿದೆನಾ ಅಂತ. ಹತ್ತು ನಿಮಿಷ ಕೂತಿದ್ದಕ್ಕೆ ಅರ್ಧ ದಿನದ ಸಂಬಳ ಹಿಡಿದರು. ಒಬ್ಬಳೇ ಇದ್ದೇನೆ ಅನ್ನುವುದೂ ಅದೇ ಕ್ಯಾಮೆರಾದಲ್ಲಿ ಕಾಣುತ್ತದೆ ಅಲ್ವಾ? ಅದನ್ನು ಯಾರೂ ನೋಡಿಲ್ಲ.

ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ನನ್ನ ಜೊತೆಯವಳೊಬ್ಬಳ ಮೇಲೆ ಹುಡುಗಿಯ ಕೈ ಮುರಿದಳು ಅಂತ ಅಪವಾದ ಬಂದಿತ್ತು. ವರಾಂಡದ ರೆಕಾರ್ಡ್‌ನಲ್ಲಿ ಹುಡುಗಿ ಫಿಟ್ಸ್ ಬಂದು ಬಿದ್ದದ್ದು ಕಾಣಿಸಿತು. ಅದು ಇಲ್ಲದಿದ್ದರೆ ಅವಳು ಜೈಲಿಗೆ ಹೋಗುತ್ತಿದ್ದಳು. ಅಕ್ಕ, ನೀವು ಕೇಳುವಾಗ ರಾತ್ರಿ ಇಬ್ಬರು ಇರಬೇಕು ಅಂತಲೂ ಕೇಳಿ. ಇಬ್ಬರಿದ್ದರೆ ಒಬ್ಬರು ಕೈ ಎತ್ತಿದಾಗ ಇನ್ನೊಬ್ಬರು ಹಿಡಿಯುತ್ತಾರೆ.

ಶಿವಮೊಗ್ಗದ ಅಪ್ಪ · ಮಂಗಳವಾರ ಬೆಳಿಗ್ಗೆ

ತಾಯಿ, ನಿಮ್ಮ ಮಾತು ಓದಿ ನಾನು ಮೊನ್ನೆ ಬರೆದದ್ದನ್ನು ಮತ್ತೆ ಓದಿದೆ. ಗಾಲಿಕುರ್ಚಿ ಅವರು ಹೇಳಿದ್ದೂ ಸರಿ. ನನ್ನ ಮಗ ಬಟ್ಟೆ ಬದಲಿಸುವುದನ್ನು ಬೇರೆ ಹದಿನಾಲ್ಕು ಮನೆಯವರು ನೋಡುವುದು ನನಗೂ ಬೇಡ. ಆದರೂ ವರಾಂಡ, ಹಾಲ್, ಊಟದ ಜಾಗ, ಇಷ್ಟಕ್ಕೆ ಬೇಕೇ ಬೇಕು ಅನ್ನುವುದನ್ನು ಬಿಡಲಾರೆ. ಟೆಕ್ಸಾಸ್ ಬಗ್ಗೆ ಒಂದು ವಿಷಯ ಬಿಟ್ಟಿದ್ದೆ. ಅದೇ ಕಾನೂನಿನಲ್ಲಿ ಕೇಂದ್ರಗಳ ಹೊರಗಿನವರೊಬ್ಬರು ದೂರು ವಿಚಾರಿಸುವ ಸ್ವತಂತ್ರ ಕಚೇರಿಯನ್ನೂ ಮಾಡಿದ್ದರು. ಎರಡನ್ನೂ ಒಟ್ಟಿಗೇ ಮಾಡಿದ್ದರು.

ಗಾಲಿಕುರ್ಚಿ · ಮಂಗಳವಾರ ಮಧ್ಯಾಹ್ನ

ವರಾಂಡ, ಹಾಲ್, ಊಟದ ಜಾಗಕ್ಕೆ ನನ್ನ ತಕರಾರಿಲ್ಲ. ಯಾರಿಗಾದರೂ ತಮ್ಮ ಮಂಚದ ಹತ್ತಿರ ಬೇಕೇ ಬೇಕು ಅಂದರೆ ಅವರದೇ ಕೋಣೆ ಇರಬೇಕು, ಅವರನ್ನೇ ಕೇಳಿರಬೇಕು, ಬಟ್ಟೆ ಬದಲಿಸುವಾಗ ಮುಚ್ಚುವ ಪರದೆ ಇರಬೇಕು.

ನನ್ನನ್ನು ಅಲ್ಲಿ ಕಾಪಾಡಿದ್ದು ಯಾವುದು ಅಂತ ಹೇಳಲೇ? ನಮ್ಮೂರಿನ ಮೇಷ್ಟ್ರು ಒಬ್ಬರು. ರಕ್ತ ಸಂಬಂಧ ಅಲ್ಲ. ಹೇಳದೆ ಕೇಳದೆ ಬರುತ್ತಿದ್ದರು. ಒಮ್ಮೆ ಬೆಳಿಗ್ಗೆ ಏಳಕ್ಕೆ, ಒಮ್ಮೆ ರಾತ್ರಿ ಊಟದ ಹೊತ್ತಿಗೆ. ಕಡಲೆಪುರಿ ಪೊಟ್ಟಣ ತರುತ್ತಿದ್ದರು. ಅದನ್ನು ಎಲ್ಲರಿಗೂ ಹಂಚುವ ನೆಪದಲ್ಲಿ ಒಂದೊಂದು ಮಂಚದ ಹತ್ತಿರವೂ ಹೋಗಿ ಮಾತಾಡಿಸುತ್ತಿದ್ದರು. ಅವರು ಬರತೊಡಗಿದ ಮೇಲೆ ನಮ್ಮ ಹಾಲ್‌ನಲ್ಲಿ ಹೊಡೆತ ನಿಂತಿತು. ಯಾವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಾರೋ ಅಂತ ಹೆದರಿಕೆ ಇತ್ತು.

ತಮ್ಮನ ಅಕ್ಕ · ಮುಂದಿನ ಸೋಮವಾರ ರಾತ್ರಿ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ವಾರ ಪೂರ್ತಿ ಓಡಾಟ.

ಮಂಗಳವಾರವೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಸ್ಕೇಲ್ ಇಟ್ಟು ಅಳೆದರು. ಬಿದ್ದರೆ ಹೀಗೆ ಆಗುವುದಿಲ್ಲ, ಗಟ್ಟಿಯಾಗಿ ಹಿಡಿದ ಗುರುತು ಅಂತ ಬರೆದುಕೊಟ್ಟರು. ಬುಧವಾರ ತಹಶೀಲ್ದಾರ್ ಕಚೇರಿ. ಮೊದಲು ಇದು ನಮಗೆ ಬರುವುದಿಲ್ಲ ಅಂದರು. 7ನೇ ಕಲಂ ಅಚ್ಚು ಹಾಕಿಸಿಕೊಂಡು ಹೋಗಿದ್ದೆ, ಟೇಬಲ್ ಮೇಲಿಟ್ಟೆ. ಅರ್ಜಿ ತೆಗೆದುಕೊಂಡರು. ವಕೀಲ ಸಾರ್‌ಗೆ ಕೈ ಮುಗಿಯುತ್ತೇನೆ.

ಗಾಲಿಕುರ್ಚಿ ಅಣ್ಣ ಹೇಳಿದ್ದನ್ನು ಮಾಡಿದೆ. ದೀಪಾವಳಿಗೆ ಕೇಂದ್ರದಲ್ಲಿ ತೆಗೆದ ಗುಂಪು ಫೋಟೋ ಒಂದು ನನ್ನ ಹತ್ತಿರ ಇತ್ತು. ಊಟ ಆದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೊಟ್ಟೆ. ಏನೂ ಕೇಳಲಿಲ್ಲ. ಅವನು ಒಬ್ಬೊಬ್ಬರ ಮೇಲೂ ಬೆರಳಿಟ್ಟ. ಅಡುಗೆಯವರನ್ನು ನೋಡಿ ಅನ್ನ ಅಂದ, ನಕ್ಕ. ಹಿಂದಿನ ಸಾಲಿನ ಒಬ್ಬ ನೌಕರನ ಮುಖ ಬಂದಾಗ ಹೆಬ್ಬೆರಳಿನಿಂದ ಮುಚ್ಚಿಬಿಟ್ಟ. ಮತ್ತೆ ತೆಗೆಯಲಿಲ್ಲ. ಮಾರನೇ ದಿನ ಇನ್ನೊಂದು ಫೋಟೋ ಕೊಟ್ಟೆ, ಅದೇ ಮುಖ, ಹಾಗೇ ಮಾಡಿದ. ಅದನ್ನೂ ದಿನಾಂಕ ಹಾಕಿ ಬರೆದು ಅರ್ಜಿಗೆ ಸೇರಿಸಿದ್ದೇನೆ. ಎರಡು ವರ್ಷದಿಂದ ಆ ಫೋಟೋ ಕೊಟ್ಟು ಕೂರಬೇಕು ಅಂತ ನನಗೆ ಹೊಳೆದಿರಲಿಲ್ಲ. ಅದು ನನ್ನನ್ನು ಸುಡುತ್ತಿದೆ.

ಭಾನುವಾರ ಕೇಂದ್ರದಲ್ಲಿ ಮನೆಯವರ ಸಭೆ ಕರೆಸಿದೆವು. ಆರು ಮನೆಯವರು ಬಂದರು. ಅವರಲ್ಲಿ ಇಬ್ಬರು ತಮ್ಮ ಮಕ್ಕಳ ಮೈಮೇಲೂ ಗುರುತು ನೋಡಿದ್ದರಂತೆ, ಒಬ್ಬರೇ ಹೇಗೆ ಹೇಳುವುದು ಅಂತ ಸುಮ್ನೆ ಇದ್ದರಂತೆ. ವರಾಂಡ, ಹಾಲ್, ಊಟದ ಜಾಗದಲ್ಲಿ ಕ್ಯಾಮೆರಾ, 60 ದಿನದ ರೆಕಾರ್ಡ್, ಯುಪಿಎಸ್ ಒಪ್ಪಿದ್ದಾರೆ. ಮನೆಯವರಲ್ಲಿ ಇಬ್ಬರು, ಕೇಂದ್ರಕ್ಕೆ ಸಂಬಂಧ ಇಲ್ಲದ ಒಬ್ಬರು ಸೇರಿ ಪ್ರತಿ ವಾರ ಯಾವುದಾದರೂ ಎರಡು ಗಂಟೆಯ ರೆಕಾರ್ಡ್ ತೆಗೆದು ನೋಡುವುದಕ್ಕೆ ಒಪ್ಪಿಸಲು ಒಂದೂವರೆ ಗಂಟೆ ಬೇಕಾಯಿತು. ರಾತ್ರಿಗೆ ಇನ್ನೊಬ್ಬರನ್ನು ಹಾಕುವುದಕ್ಕೆ ದುಡ್ಡಿಲ್ಲ ಅಂದರು. ಅದನ್ನು ಬಿಟ್ಟಿಲ್ಲ, ಮುಂದಿನ ಸಭೆಯಲ್ಲಿ ಮೊದಲು ಅದೇ ಮಾತು. ನೋಂದಣಿ ಪತ್ರ ಗೋಡೆಯಲ್ಲಿ ಇದೆ, ಅವಧಿ ಮುಗಿದಿದೆ. ಫೋಟೋ ತೆಗೆದುಕೊಂಡು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಕಳಿಸಿದ್ದೇನೆ.

ಆ ನೌಕರ ಅಲ್ಲಿ ಇರುವವರೆಗೆ ತಮ್ಮನನ್ನು ಕಳಿಸುವುದಿಲ್ಲ. ಸಂಬಳವಿಲ್ಲದ ರಜೆ ಕೇಳಿದ್ದೇನೆ.

ಅಣ್ಣ ಹೇಳಿದ ಆ ಮೇಷ್ಟ್ರ ಥರ ಯಾರಾದರೂ ಬೇಕು. ಬೆಂಗಳೂರಿನ ತುಮಕೂರು ರಸ್ತೆ ಕಡೆ ಇರುವವರು ತಿಂಗಳಿಗೆ ಒಂದೆರಡು ಸಲ ಹೋಗಿಬರಲು ಆಗುತ್ತದಾ?

ಗಾಲಿಕುರ್ಚಿ · ಸೋಮವಾರ ರಾತ್ರಿ

ನಾನು ಯಶವಂತಪುರದಲ್ಲಿದ್ದೇನೆ. ಬರುತ್ತೇನೆ. ಅಲ್ಲಿ ರ‍್ಯಾಂಪ್ ಇದೆಯಾ?

ತಮ್ಮನ ಅಕ್ಕ · ಸೋಮವಾರ ರಾತ್ರಿ

ಇಲ್ಲ ಅಣ್ಣ. ಮೂರು ಮೆಟ್ಟಿಲು. ನಾವು ನಾಲ್ಕು ಜನ ಇರುತ್ತೇವೆ, ಎತ್ತಿ ಒಳಗೆ ಬಿಡುತ್ತೇವೆ.

ಗಾಲಿಕುರ್ಚಿ · ಸೋಮವಾರ ರಾತ್ರಿ

ಎತ್ತುವುದು ಬೇಡ. ಗಟ್ಟಿ ಹಲಗೆ ಒಂದು ತನ್ನಿ, ಸಾಕು. ಯಾವ ದಿನ ಅಂತ ಮಾತ್ರ ಇಲ್ಲಿ ಬರೆಯಬೇಡಿ, ಮೆಸೇಜ್ ಮಾಡಿ.